ಅಗ್ನಿನಂದಕ ಕೊಳ್ಳುವ ಮುನ್ನ ಚಾರ್ಜರ್ ತಿರುಗಿಸಿ ನೋಡಿ

ವಿದ್ಯುತ್ ಸ್ಕೂಟರಿನ ಚಾರ್ಜರ್ ಕೆಟ್ಟಿದ್ದರಿಂದ ಅಗ್ಗದ್ದೊಂದನ್ನು ತಂದು, ರಾತ್ರಿ ಪಡಸಾಲೆಯಲ್ಲಿ ಚಾರ್ಜ್‌ಗೆ ಹಾಕುತ್ತಿದ್ದೀರಿ. ಯಾವ ಅಗ್ನಿನಂದಕ (ಬೆಂಕಿ ಆರಿಸುವ ಸಿಲಿಂಡರ್) ಕೊಳ್ಳಲಿ ಎಂದು ಕೇಳಿದ್ದೀರಿ. ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿಯೂ ಇದೇ ಏರ್ಪಾಡಿತ್ತು. ಒಂದು ಏಪ್ರಿಲ್ ರಾತ್ರಿ ಸ್ಕೂಟರಿನೊಂದಿಗೆ ಮುಂಬಾಗಿಲೂ ಮೀಟರ್ ಬೋರ್ಡೂ ಸುಟ್ಟುಹೋದವು. ಹಿತ್ತಿಲ ಬಾಗಿಲೊಂದಿದ್ದುದರಿಂದ ಮನೆಮಂದಿಯೆಲ್ಲ ಹೊರಬಂದೆವು.

ಚಾರ್ಜರಿನ ಮೇಲೆ ನಾನು ಓದಿದ್ದು ‘48 ವೋಲ್ಟ್’ ಎಂಬುದನ್ನಷ್ಟೇ. ಅದು ಲೆಡ್ ಆಸಿಡ್ ಬ್ಯಾಟರಿಯ ಚಾರ್ಜರ್. 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ತುಂಬುವ ಸಲುವಾಗಿ ಅದು ಸುಮಾರು 59 ವೋಲ್ಟ್‌ವರೆಗೆ ಏರುತ್ತದೆ. ನನ್ನ ಲಿಥಿಯಂ ಬ್ಯಾಟರಿಯಲ್ಲಿ ಒಂದರ ಹಿಂದೊಂದು ಜೋಡಿಸಿದ 13 ಸೆಲ್ ಸಾಲುಗಳಿದ್ದವು. ಒಂದೊಂದರ ಮಿತಿ 4.2 ವೋಲ್ಟ್, ಒಟ್ಟು 54.6. ಅಂದರೆ ಪ್ರತಿಯೊಂದಕ್ಕೂ 4.5 ವೋಲ್ಟ್ ತುರುಕಿದಂತಾಯಿತು. ಹೀಗೆ ಮಿತಿಮೀರಿ ತುಂಬಿದರೆ ಋಣಾಗ್ರದ ಮೇಲೆ ಲಿಥಿಯಂ ಲೋಹ ಕಟ್ಟಿಕೊಳ್ಳುತ್ತದೆ, ಧನಾಗ್ರ ಅಸ್ಥಿರವಾಗಿ ಆಮ್ಲಜನಕ ಬಿಡತೊಡಗುತ್ತದೆ, ಸೆಲ್ ಬಿಸಿಯೇರಿದಂತೆ ಎರಡನ್ನೂ ಬೇರ್ಪಡಿಸುವ ಪಾಲಿಎಥಿಲೀನ್ ಪೊರೆ ಸುಮಾರು 130 ಡಿಗ್ರಿಯಲ್ಲಿ ಕರಗುತ್ತದೆ, ಎರಡೂ ಒಂದಕ್ಕೊಂದು ತಾಗಿ ಬೆಂಕಿ ಹೊತ್ತುತ್ತದೆ. ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇದನ್ನು ತಡೆಯಬೇಕಿತ್ತು. ನನ್ನ ಬ್ಯಾಟರಿಯದು ತಡೆಯಲಿಲ್ಲ. ಪಿನ್ ಸರಿಯಾಗಿ ಕೂತಿತು, ಹಸಿರು ದೀಪ ಬಂತು, ಕೆಲವು ವಾರ ಏನೂ ಆಗಲಿಲ್ಲ, ಆದ್ದರಿಂದ ಸಂಶಯವೇ ಹುಟ್ಟಲಿಲ್ಲ.

ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪುಡಿಯ ಸಿಲಿಂಡರ್ ಜ್ವಾಲೆಯನ್ನು ಅಡಗಿಸಬಹುದು, ಸೆಲ್ಲನ್ನು ತಣಿಸಲಾರದು. ಆರಿದಂತೆ ಕಂಡ ಬ್ಯಾಟರಿ ಮತ್ತೆ ಹೊತ್ತಿಕೊಳ್ಳುತ್ತದೆ. ತಣಿಸುವುದಕ್ಕೆ ಧಾರಾಳ ನೀರು ಬೇಕು, ಆ ಕೆಲಸ ಅಗ್ನಿಶಾಮಕ ದಳದವರಿಗಿರಲಿ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲವಿರುವುದರಿಂದ, ಬ್ಯಾಟರಿ ಹಿಸ್ಸೆಂದರೂ ಸಾಕು, ಎಲ್ಲರನ್ನೂ ಹೊರಗೆ ಕಳುಹಿಸಿ 112ಕ್ಕೆ ಕರೆ ಮಾಡಿ.

ಅಗ್ನಿನಂದಕದ ಹಣದಲ್ಲಿ ಸ್ಕೂಟರ್ ತಯಾರಕರೇ ಸೂಚಿಸಿರುವ ಚಾರ್ಜರ್ ಕೊಳ್ಳಿ. ಅದು ದುಬಾರಿಯೆನಿಸಿದರೆ ದುಡ್ಡು ಕೂಡುವವರೆಗೆ ಬಸ್ಸಿನಲ್ಲಿ ಓಡಾಡಿ. ಪಡಸಾಲೆಯಲ್ಲಂತೂ ಚಾರ್ಜ್ ಮಾಡಲೇಬೇಡಿ, ಏಕೆಂದರೆ ಬೆಂಕಿ ಬಿದ್ದರೆ ಹೊರಹೋಗುವ ದಾರಿಯೇ ಮುಚ್ಚುತ್ತದೆ. ನಮ್ಮೂರಿನ ಬಿಸಿಲಲ್ಲಿ ಓಡಿಸಿ ತಂದ ಸ್ಕೂಟರನ್ನು ಕೂಡಲೇ ಚಾರ್ಜ್‌ಗೆ ಹಾಕದೆ, ಬ್ಯಾಟರಿ ತಣ್ಣಗಾದ ಬಳಿಕ, ನೀವು ಎಚ್ಚರವಿರುವಾಗ ಹಾಕಿ. ಕೊನೆಗೆ, ಆ ಚಾರ್ಜರಿನಲ್ಲಿ ಇಷ್ಟು ದಿನ ತುಂಬಿದ ಬ್ಯಾಟರಿಯನ್ನು ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿ. ಅದು ಉಬ್ಬಿದ್ದರೆ ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆ ಉತ್ಪಾದಕರದ್ದು.