ಆಮೇಲೆ ಹೇಳ್ತೀನಿ ಅನ್ಬೇಡಿ, ಈಗ್ಲೇ ಹೇಳಿ

ಏಳನೇ ವಯಸ್ಸಲ್ಲಿ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವಳು ನಾನು. ಮನೆ ಮುಂಬೈ ಹತ್ರದ ಡೊಂಬಿವಲಿ, ಕೆಲಸ ಮುಂಬೈಯ ಫೋರ್ಟ್‌ನ ಒಂದು ಆಫೀಸಲ್ಲಿ ಅಕೌಂಟ್ಸ್. ಕಿವುಡರ ದಿನನಿತ್ಯದ ಬದುಕಿನ ಬಗ್ಗೆ ಏನು ಬೇಕಾದ್ರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ, ಕಾಗದ, ವಾಟ್ಸಾಪ್ ಎಲ್ಲ ಸೇರಿ ತುಂಬಾ ಬಂದಿದೆ, ಅದರಲ್ಲಿ ಐದಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನಂಗೆ 24 ವರ್ಷ, ಹುಟ್ಟಿನಿಂದ ಕಿವಿ ಕೇಳಲ್ಲ, ಮಷಿನ್ ಹಾಕ್ತೀನಿ, ತುಟಿ ನೋಡಿ ಒಂದಷ್ಟು ತಿಳ್ಕೋತೀನಿ. ಮನೆಯವ್ರು ಎಲ್ಲರೂ ಒಳ್ಳೆಯವ್ರೇ. ಆದ್ರೆ ರಾತ್ರಿ ಊಟಕ್ಕೆ ಕೂತಾಗ ಎಲ್ರೂ ಜೋರಾಗಿ ನಗ್ತಾರೆ, ಏನಾಯ್ತು ಅಂತ ಕೇಳಿದ್ರೆ "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಅಂತಾರೆ, ಆ ಆಮೇಲೆ ಯಾವತ್ತೂ ಬರಲ್ಲ. ನಾನೇ ಜಾಸ್ತಿ ಮನಸ್ಸಿಗೆ ಹಚ್ಕೋತಿದ್ದೀನಾ? (ಓದುಗ, ವಸಾಯಿ)

ಇಲ್ಲ ತಮ್ಮಾ. ನಿನ್ನ ಕಾಗದ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ, ಯಾಕಂದ್ರೆ ಅದೇ ಮಾತು, ಅದೇ ಊಟದ ಹೊತ್ತು, ನಮ್ಮನೆಯಲ್ಲೂ ಎಷ್ಟೋ ವರ್ಷ ಹೀಗೇ ನಡೀತು. ನಮ್ಮವರಿಗೆ ಅದು ಸಣ್ಣ ವಿಷಯ, ಪಕ್ಕದ್ಮನೆ ಬೆಕ್ಕಿನ ಕತೆನೋ, ಟಿವಿ ಸೀರಿಯಲ್ಲೋ, ಇವನಿಗೆ ಹೇಳಿ ಏನಾಗ್ಬೇಕು ಅಂದ್ಕೋತಾರೆ, ಆದ್ರೆ ಮನೆ ಅಂದ್ರೆ ಆ ಸಣ್ಣ ವಿಷಯಗಳೇ ಅಲ್ವಾ. ಮದುವೆ, ಸಾವು, ಸೈಟು, ಸಾಲ ಇಂಥ ದೊಡ್ಡ ಸುದ್ದಿ ಮಾತ್ರ ನಮಗೆ ಬಂದು ಮುಟ್ಟುತ್ತೆ, ಉಳಿದದ್ದೆಲ್ಲ ಬೇರೆಯವರ ತಟ್ಟೆಯಲ್ಲೇ ಉಳಿಯುತ್ತೆ.

ತುಟಿ ಓದೋದು ಅಂದ್ರೆ ಪುಸ್ತಕ ಓದಿದ ಹಾಗೆ ಅಂತ ಕಿವಿ ಕೇಳೋರು ತಿಳ್ಕೊಂಡಿದ್ದಾರೆ. ಈ ಉತ್ತರಾನ ಮನೆಯವರಿಗೂ ತೋರಿಸು, ಅವರು ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ "ಮರ", "ಬರ", "ಪರ" ಅಂತ ಹೇಳಿ ನೋಡ್ಲಿ, ಮೂರಕ್ಕೂ ತುಟಿ ಒಂದೇ ತರ ಕೂಡುತ್ತೆ, ಒಂದೇ ತರ ಬಿಡುತ್ತೆ. ಕ, ಗ, ಹ ಅಂತೂ ಗಂಟಲಲ್ಲೇ ಮುಗಿದು ಹೋಗುತ್ತೆ, ಹೊರಗೆ ಏನೂ ಕಾಣ್ಸಲ್ಲ. ನಮ್ಮ ಅಕ್ಕ ಬಾಣಂತನಕ್ಕೆ ಬಂದು ಐದು ತಿಂಗಳಾಗಿತ್ತು, ಭಾವ ಬಂದು ಕರ್ಕೊಂಡು ಹೋಗ್ಲಿ ಅಂತ ದಿನಾ ಕಾಯ್ತಿದ್ಲು. ಒಂದಿನ ಅಮ್ಮ ಅಡುಗೆಮನೆಯಿಂದ ಇಣುಕಿ "ಸಂಜೆ ಮಾವ ಬರ್ತಾರೆ" ಅಂದ್ಲು, ನಾನು ನೋಡಿದ್ದು "ಸಂಜೆ ಭಾವ ಬರ್ತಾರೆ". ಓಡಿ ಹೋಗಿ ಅಕ್ಕನಿಗೆ ಹೇಳಿದೆ, ಇಬ್ರೂ ಸೇರಿ ಮಗುವಿನ ಬಟ್ಟೆ ಎಲ್ಲ ಮಡಚಿ ಬ್ಯಾಗ್ ಕಟ್ಟಿದ್ವಿ, ಅಕ್ಕ ತಲೆ ಬಾಚಿ ಹೂ ಮುಡ್ಕೊಂಡು ಕೂತ್ಲು, ಏಳು ಗಂಟೆಗೆ ಬಾಗಿಲು ತೆಗೆದ್ರೆ ಊರಿಂದ ಬಂದ ಮಾವ, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಅಕ್ಕ ಒಳಗೆ ಹೋಗಿ ಅತ್ತಿದ್ದು ನಂಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿ ಯಾರ ತಪ್ಪೂ ಇರ್ಲಿಲ್ಲ, ತುಟಿ ಇಷ್ಟು ಮಾತ್ರ ಹೇಳುತ್ತೆ.

ಈಗ ಏನು ಮಾಡ್ಬಹುದು ನೋಡೋಣ. ಊಟಕ್ಕೆ ಕೂತ್ಕೊಳ್ಳುವಾಗ ಲೈಟು ನಿನ್ನ ಬೆನ್ನಿಗೆ ಬೀಳ್ಬೇಕು, ಅವರ ಮುಖದ ಮೇಲೆ ಬೆಳಕಿರ್ಬೇಕು, ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪಾಗಿ ಕಾಣುತ್ತೆ. ಬರೀ "ಏನು?" ಅಂತ ಕೇಳ್ಬೇಡ, "ಅತ್ತೆ ಅಂದ್ರಿ ಅಲ್ವಾ, ಅತ್ತೆಗೆ ಏನಾಯ್ತು?" ಅಂತ ಕೇಳು, ಆಗ ಅವರಿಗೂ ಪೂರ್ತಿ ಮೊದಲಿಂದ ಹೇಳೋ ಕಷ್ಟ ಇರಲ್ಲ. ಆಂಡ್ರಾಯ್ಡ್ ಫೋನಲ್ಲಿ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆಪ್ ಹಾಕ್ಕೊಂಡ್ರೆ ಕನ್ನಡ ಮಾತೂ ಅಕ್ಷರವಾಗಿ ಬರುತ್ತೆ, ಒಬ್ಬೊಬ್ಬರೇ ಮಾತಾಡಿದ್ರೆ ಚೆನ್ನಾಗಿ ಬರುತ್ತೆ, ನಾಲ್ಕು ಜನ ಒಟ್ಟಿಗೆ ಶುರು ಮಾಡಿದ್ರೆ ಕಲಸಿ ಹೋಗುತ್ತೆ. ಮತ್ತೆ ದಯವಿಟ್ಟು ಅರ್ಥ ಆಗದೆ ಹೂಂ ಹೂಂ ಅಂತ ತಲೆ ಆಡಿಸೋದು ಬಿಡು. ಅದು ನಮಗೆಲ್ಲ ಅಂಟಿದ ಚಟ, ಎದುರಿದ್ದವರಿಗೆ ತೊಂದರೆ ಬೇಡ ಅಂತ ಮಾಡ್ತೀವಿ, ಆದ್ರೆ ನೀನು ತಲೆ ಆಡಿಸಿದ ಕೂಡ್ಲೇ ಅವರಿಗೆ ಹೇಳೋ ಕೆಲಸ ಮುಗೀತು ಅನ್ನಿಸಿಬಿಡುತ್ತೆ. ಮನೆಯವರಿಗೆ ನನ್ನದೊಂದೇ ಕೋರಿಕೆ, ಯಾರು ನಗಿಸಿದ್ರೋ ಅವರೇ ಮುಂದಿನ ತುತ್ತು ಬಾಯಿಗಿಡೋ ಮೊದಲು ಇವನಿಗೂ ಹೇಳ್ಬೇಕು, ಎರಡೇ ವಾಕ್ಯದಲ್ಲಿ ಆದ್ರೂ ಸರಿ. ನಗು ಆರಿದ ಮೇಲೆ ಹೇಳಿದ್ರೆ ಅದು ಬರೀ ಸುದ್ದಿ.

ಇನ್ನೊಂದು. ನೀನು ಸನ್ನೆ ಭಾಷೆ ಬಗ್ಗೆ ಒಂದಕ್ಷರಾನೂ ಬರೆದಿಲ್ಲ. ನಂಗೂ 22 ವರ್ಷದ ತನಕ ಗೊತ್ತಿರ್ಲಿಲ್ಲ. ಲೋಕಲ್‌ನ ಹ್ಯಾಂಡಿಕ್ಯಾಪ್ ಡಬ್ಬಾದಲ್ಲಿ, ಅಂದ್ರೆ ಅಂಗವಿಕಲರಿಗಂತ ಇರೋ ಬೋಗಿಯಲ್ಲಿ, ಮೊದಲ ಸಲ ಹತ್ತಿದಾಗ ಐದಾರು ಹುಡುಗ ಹುಡುಗಿಯರು ಕೈಯಲ್ಲಿ ಮಾತಾಡ್ತಾ, ಕಣ್ಣಲ್ಲಿ ನೀರು ಬರೋಷ್ಟು ನಗ್ತಾ ಇದ್ರು, ಅಂಥ ನಗು ಮಧ್ಯೆ ನನ್ನನ್ನ ಕೂರಿಸ್ಕೊಂಡು ಒಬ್ಳು ಅಲ್ಲೇ, ಆಗ್ಲೇ, ಏನು ವಿಷಯ ಅಂತ ಬರೆದು ತೋರಿಸಿದ್ಲು. ದಿನಾ ಅದೇ ಟ್ರೇನ್ ಹಿಡಿದು ಆರು ತಿಂಗಳಲ್ಲಿ ಕಲಿತೆ. ಒಂದ್ಸಲ ಠಾಣೆಯಲ್ಲಿ ಇಂಡಿಕೇಟರ್ ಬೋರ್ಡು ಒಂದು ಪ್ಲಾಟ್‌ಫಾರ್ಮ್ ತೋರಿಸ್ತಿದೆ, ಜನ ಎಲ್ಲ ಇದ್ದಕ್ಕಿದ್ದ ಹಾಗೆ ಬ್ರಿಡ್ಜ್ ಕಡೆ ಓಡ್ತಿದ್ದಾರೆ, ಪ್ಲಾಟ್‌ಫಾರ್ಮ್ ಬದಲಾಗಿದ್ದು ಮೈಕಲ್ಲಿ ಮಾತ್ರ ಹೇಳಿದ್ರಂತೆ, ನಾನು ಕಂಬದ ಹಾಗೆ ನಿಂತಿದ್ದೆ. ಈಗ ಗುಂಪಲ್ಲಿ ಯಾರಾದ್ರೂ ಒಬ್ರು ಪಕ್ಕದವರನ್ನ ಕೇಳಿ ಎಲ್ರಿಗೂ ಮೆಸೇಜ್ ಹಾಕ್ತಾರೆ. ನಿಮ್ಮ ವೆಸ್ಟರ್ನ್ ಲೈನಲ್ಲೂ ಇಂಥ ಗುಂಪು ಇದ್ದೇ ಇರುತ್ತೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತು ಚೀಟಿ) ಜೇಬಲ್ಲಿಟ್ಕೊಂಡು ಆ ಡಬ್ಬಾ ಹತ್ತು. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಇಲ್ಲಿ ಯಾಕೆ" ಅಂತ ಯಾರಾದ್ರೂ ದಬಾಯಿಸಿದ್ರೆ ಕಾರ್ಡ್ ತೋರಿಸು, ಹೆದರ್ಬೇಡ.

ಪ್ರಶ್ನೆ: ನಮ್ಮ ಅಪ್ಪಾರಿಗೆ 71 ಆಗ್ಯಾವ. ಮಷಿನ್ ತಂದು ಕೊಟ್ಟೀವ್ರಿ, ನಾಕ್ ದಿನ ಹಾಕ್ಕೊಂಡು ಡ್ರಾವರ್‌ನ್ಯಾಗ ಇಟ್ಟಾರ. ನಾವು ಒದರಿದ್ರ "ಯಾಕ್ ಒದರ್ತೀರಿ, ಕೇಳಸ್ತದ" ಅಂತಾರ, ಸಾವಕಾಶ ಹೇಳಿದ್ರ ತಿಳಿಯೂದಿಲ್ಲ. ಮನ್ಯಾಗ ಎಲ್ಲಾರೂ ಜಾಣ ಕಿವುಡು ಅಂತಾರ. ಏನ್ ಮಾಡೂದ್ರಿ? (ಓದುಗರು, ಪುಣೆ)

ಅಣ್ಣಾವ್ರೇ, ಮೊದಲು ಆ ಜಾಣ ಕಿವುಡು ಅನ್ನೋ ಮಾತು ಮನೆಯಲ್ಲಿ ನಿಲ್ಲಿಸಿ. ಅಪ್ಪನಿಗೆ ಕೇಳಿಸೋದೂ ನಿಜ, ತಿಳಿಯದೇ ಇರೋದೂ ನಿಜ. ವಯಸ್ಸಾಗ್ತಾ ಮೊದಲು ಹೋಗೋದು ಸಣ್ಣ ಚೂಪು ದನಿಗಳು, ಸ, ಶ, ಚ, ತ ಇಂಥವು. ದಪ್ಪ ದನಿ ಉಳಿದಿರುತ್ತೆ. ಹಾಗಾಗಿ ಯಾರೋ ಮಾತಾಡ್ತಿದ್ದಾರೆ ಅನ್ನೋದು ಕೇಳಿಸುತ್ತೆ, ಏನು ಮಾತಾಡಿದ್ರು ಅನ್ನೋದು ತಿಳಿಯಲ್ಲ. ನೀವು ಕೂಗಿದ್ರೆ ಇದ್ದ ದನಿಯೇ ದೊಡ್ಡದಾಗಿ ಕಿವಿಗೆ ಹೊಡೆಯುತ್ತೆ, ಕಳೆದುಹೋದ ಅಕ್ಷರ ವಾಪಸ್ ಬರಲ್ಲ, ಮೇಲಿಂದ ನಿಮ್ಮ ಮುಖ ಸಿಟ್ಟಾದ ಹಾಗೆ ಕಾಣುತ್ತೆ.

ಮಷಿನ್ ಕನ್ನಡಕದ ಹಾಗಲ್ಲ, ಹಾಕಿದ ಕೂಡ್ಲೇ ಸರಿ ಹೋಗಲ್ಲ. ಫ್ಯಾನು, ಕುಕ್ಕರ್ ಸೀಟಿ, ರಿಕ್ಷಾ, ತಟ್ಟೆ ಸದ್ದು ಎಲ್ಲಾನೂ ದೊಡ್ಡದು ಮಾಡುತ್ತೆ, ವರ್ಷಗಟ್ಟಲೆ ಮೌನದಲ್ಲಿದ್ದ ತಲೆಗೆ ಅದು ಒಮ್ಮೆಲೇ ಸಂತೆಗೆ ಬಂದ ಹಾಗಾಗುತ್ತೆ. ಬೆಳಿಗ್ಗೆ ಮನೆ ಶಾಂತವಾಗಿರುವಾಗ ಒಂದು ತಾಸು, ಒಬ್ಬರ ಜೊತೆ ಮಾತಾಡೋಕೆ ಮಾತ್ರ ಹಾಕಿಸಿ, ವಾರ ವಾರ ಹೊತ್ತು ಜಾಸ್ತಿ ಮಾಡಿ. ಕಿವಿ ಪರೀಕ್ಷೆ ಮಾಡೋ ಆಡಿಯೋಲಜಿಸ್ಟ್ ಹತ್ರ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅನ್ನೋ ರಿಪೋರ್ಟ್) ಇಟ್ಕೊಂಡು ಮತ್ತೆ ಸೆಟ್ಟಿಂಗ್ ಮಾಡಿಸಿ, ಒಂದೇ ಸಲಕ್ಕೆ ಯಾರಿಗೂ ಸರಿಯಾಗಲ್ಲ, ಹಾಗೇ ಕಿವಿಯಲ್ಲಿ ಗುಗ್ಗೆ ತುಂಬಿದೆಯಾ ನೋಡಿಸಿ. ಬ್ಯಾಟರಿ ಸ್ಟಿಕ್ಕರ್ ಕಿತ್ತ ತಕ್ಷಣ ಹಾಕ್ಬೇಡಿ, ಅದು ಗಾಳಿಯಿಂದ ಶುರುವಾಗೋ ಬ್ಯಾಟರಿ, ಒಂದೆರಡು ನಿಮಿಷ ಬಿಟ್ಟು ಹಾಕಿ. ಮಳೆಗಾಲದಲ್ಲಿ ರಾತ್ರಿ ಮಷಿನನ್ನ ಸಿಲಿಕಾ ಜೆಲ್ (ತೇವ ಹೀರೋ ಹರಳು) ಇರೋ ಡಬ್ಬಿಯಲ್ಲಿಡಿ, ಇಲ್ಲಾಂದ್ರೆ ತೇವಕ್ಕೆ ಕೆಟ್ಟು ಹೋಗುತ್ತೆ. ಮಾತಾಡುವಾಗ ಹೆಗಲು ಮುಟ್ಟಿ, ಮುಖದೆದುರು ಕೂತು, ಮೊದಲು ವಿಷಯ ಹೇಳಿ: "ಅಪ್ಪಾ, ಬ್ಯಾಂಕಿನ ವಿಷಯ". ಆಮೇಲೆ ಉಳಿದದ್ದು. ವಿಷಯ ಗೊತ್ತಿದ್ರೆ ಅರ್ಧ ಮಾತು ನಾವೇ ತುಂಬ್ಕೋತೀವಿ.

ಪ್ರಶ್ನೆ: ಮಗಳಿಗೆ 19, ಎರಡೂ ಕಿವಿ ಕೇಳಲ್ಲ, ಸ್ಕೂಟಿ ಲೈಸೆನ್ಸ್ ಸಿಗಲ್ಲ ಅಂತ ಏಜೆಂಟ್ ಹೇಳ್ತಾನೆ. ನಿಜಾನಾ? (ತಾಯಿ, ಮೀರಾ ರೋಡ್)

ನಿಜ ಅಲ್ಲ. 2011ರಲ್ಲೇ ದೆಹಲಿ ಹೈಕೋರ್ಟ್ ಕಿವುಡರೂ ಡ್ರೈವಿಂಗ್ ಟೆಸ್ಟ್ ಕೊಡಬಹುದು, ಪಾಸಾದ್ರೆ ಲೈಸೆನ್ಸ್ ಕೊಡ್ಬೇಕು ಅಂತ ಹೇಳಿದೆ. ಏಜೆಂಟನ್ನ ಬಿಟ್ಟು ನೀವೇ ಆರ್‌ಟಿಒಗೆ ಹೋಗಿ, ಆಗಲ್ಲ ಅಂದ್ರೆ ಯಾಕೆ ಅಂತ ಬರೆದು ಕೊಡಿ ಅನ್ನಿ. ಎರಡೂ ಕಡೆ ದೊಡ್ಡ ಕನ್ನಡಿ ಹಾಕಿಸಿ.

ಪ್ರಶ್ನೆ: ಮೊಮ್ಮಗನಿಗೆ ಎರಡೂವರೆ ವರ್ಷ. ಕಿವಿ ಕೇಳುತ್ತಾ ಅಂತ ನೋಡೋ ಬೇರಾ ಟೆಸ್ಟ್ ಮಾಡಿಸಿದ್ರೆ ಎರಡೂ ಕಿವಿ ಸ್ವಲ್ಪವೂ ಕೇಳಲ್ಲ ಅಂದ್ರು. ಕಿವಿಯೊಳಗೆ ಮಷಿನ್ (ಇಂಪ್ಲಾಂಟ್) ಕೂರಿಸೋ ಕಾಕ್ಲಿಯರ್ ಆಪರೇಶನ್ ಮಾಡಿಸಿ, ಕೈಸನ್ನೆ ಮಾತ್ರ ಮಾಡ್ಲೇಬೇಡಿ, ಮಾಡಿದ್ರೆ ಮಾತು ಬರಲ್ಲ ಅಂತ ಒಬ್ರು ಡಾಕ್ಟ್ರು ಹೇಳಿದ್ದಾರೆ. ಮನೆಯಲ್ಲಿ ತುಳು ಕನ್ನಡ, ಕೆಳಗೆ ಆಡೋಕೆ ಹೋದ್ರೆ ಮರಾಠಿ ಹಿಂದಿ, ಮುಂದೆ ಇಂಗ್ಲಿಷ್ ಶಾಲೆ, ಯಾವ ಭಾಷೆ ಕಲಿಸ್ಬೇಕು? ಮಗು ನನ್ನ ಸೆರಗು ಎಳೆದು ಏನೋ ಕೇಳುತ್ತೆ, ನಂಗೆ ತಿಳಿಯಲ್ಲ, ಅದು ನೆಲಕ್ಕೆ ಬಿದ್ದು ಅಳುತ್ತೆ. ಮುಂದೆ ಇವನ ಗತಿ ಏನು? (ಅಜ್ಜಿ, ಠಾಣೆ)

ಅಮ್ಮಾ, ಆ ಮಗು ಹಟ ಮಾಡ್ತಿಲ್ಲ, ಹೇಳೋಕೆ ಭಾಷೆ ಇಲ್ಲದೆ ಅಳ್ತಿದೆ. ಆಪರೇಶನ್ ಮಾಡಿಸ್ಬೇಕಾ ಬೇಡ್ವಾ ಅನ್ನೋದು ಮಗುವಿನ ಅಪ್ಪ ಅಮ್ಮ ಟೆಸ್ಟ್ ರಿಪೋರ್ಟ್ ಇಟ್ಕೊಂಡು ತೀರ್ಮಾನ ಮಾಡೋ ವಿಷಯ. ಬಾಂದ್ರಾ ರೆಕ್ಲಮೇಶನ್‌ನಲ್ಲಿರೋ ಅಲಿ ಯಾವರ್ ಜಂಗ್ ಸಂಸ್ಥೆಗೆ ಕರ್ಕೊಂಡು ಹೋಗಿ, ಕಿವಿ, ಮಾತಿನ ತೊಂದರೆ ಇರೋರಿಗಂತ 1983ರಿಂದ ಇರೋ ಕೇಂದ್ರ ಸರ್ಕಾರದ ಸಂಸ್ಥೆ ಅದು, ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಅಡಿಪ್ ಯೋಜನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಮನೆಯ ಆದಾಯ ನೋಡಿ ಇಂಪ್ಲಾಂಟಿಗೆ ಸಹಾಯ ಸಿಗುತ್ತೆ, ಅದನ್ನ ನೋಡ್ಕೊಳ್ಳೋದೂ ಅವರೇ. ತಡ ಮಾಡ್ಬೇಡಿ, ಇದರಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತೆ. ಆಪರೇಶನ್ ಆದ ಮೇಲೂ ವರ್ಷಗಟ್ಟಲೆ ಸ್ಪೀಚ್ ಥೆರಪಿ ಇರುತ್ತೆ, ಅದಕ್ಕೂ ಈಗ್ಲೇ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಕನ್ನಡದಲ್ಲೇ ಥೆರಪಿ ಬೇಕು, ಊರಲ್ಲಿ ಕೆಲವು ದಿನ ಇರೋಕಾಗುತ್ತೆ ಅಂದ್ರೆ ಮೈಸೂರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಉಂಟು.

ಆದ್ರೆ ಸನ್ನೆ ಮಾಡ್ಬೇಡಿ ಅನ್ನೋ ಮಾತನ್ನ ನಾನು ಒಪ್ಪಲ್ಲ, ಒಪ್ಪೋಕೆ ಸಾಧ್ಯಾನೇ ಇಲ್ಲ. ಸನ್ನೆ ಮಾಡಿದ್ರೆ ಮಾತು ನಿಲ್ಲಲ್ಲ. ಕಿವಿ ಕೇಳೋ ಮಕ್ಕಳೂ ಮಾತು ಬರೋ ಮೊದಲು ಟಾಟಾ ಮಾಡ್ತಾವೆ, ಬೆರಳು ತೋರಿಸ್ತಾವೆ, ಅದರಿಂದ ಯಾವ ಮಗುವಿಗೆ ಮಾತು ನಿಂತು ಹೋಗಿದೆ ಹೇಳಿ. ಇಂಪ್ಲಾಂಟ್ ಹಾಕಿದ ಮಗುವೂ ಸ್ನಾನಕ್ಕೆ, ಮಲಗೋಕೆ ಹೊರಗಿನ ಮಷಿನ್ ತೆಗೀಬೇಕು, ಆಗ ಅದಕ್ಕೆ ಏನೂ ಕೇಳಲ್ಲ, ರಾತ್ರಿ ಹೊಟ್ಟೆ ನೋವು ಅಂತ ಎದ್ದ ಮಗುವಿಗೆ ನೀವು ಕತ್ತಲಲ್ಲಿ ಏನಂತ ಸಮಾಧಾನ ಹೇಳ್ತೀರಿ? ಲೈಟ್ ಹಾಕಿ, ಕೈಯಲ್ಲಿ ಹೇಳ್ಬೇಕು. ಮೊದಲ ನಾಲ್ಕೈದು ವರ್ಷದಲ್ಲಿ ಯಾವುದಾದ್ರೂ ಒಂದು ಭಾಷೆ ಪೂರ್ತಿಯಾಗಿ ತಲೆಗೆ ಹೋಗ್ಬೇಕು, ಕಿವಿಯಿಂದ ಹೋಗ್ಲಿ ಕಣ್ಣಿಂದ ಹೋಗ್ಲಿ, ಅದಿಲ್ಲದೆ ಹೋದ್ರೆ ಆಮೇಲೆ ಓದು ಬರಹಕ್ಕೂ ಕಷ್ಟ.

ಯಾವ ಭಾಷೆ ಅಂತ ಕೇಳಿದ್ರಿ. ಮಗುವಿನ ತಾಯಿ ಯಾವುದರಲ್ಲಿ ಮುದ್ದು ಮಾಡ್ತಾರೋ, ಬೈತಾರೋ ಅದೇ. ಜೊತೆಗೆ ಭಾರತೀಯ ಸನ್ನೆ ಭಾಷೆ ಕಲೀರಿ, ಅದನ್ನ ಮರಾಠಿಯವರೂ ಕನ್ನಡದವರೂ ಹೆಚ್ಚು ಕಡಿಮೆ ಒಂದೇ ತರ ಮಾಡ್ತಾರೆ, ಈ ಊರಲ್ಲಿ ನಾಲ್ಕು ಭಾಷೆ ಮಧ್ಯೆ ಓಡಾಡೋ ಮಗುವಿಗೆ ಅದಕ್ಕಿಂತ ಅನುಕೂಲ ಬೇರೇನಿದೆ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 2021ರಲ್ಲಿ ಹತ್ತು ಸಾವಿರ ಪದಗಳ ನಿಘಂಟು ಮಾಡಿದ್ದಾರೆ, ವಿಡಿಯೋ ಯೂಟ್ಯೂಬಲ್ಲಿ ಫ್ರೀ. ನೀವು ಇವತ್ತೇ ಹಾಲು, ನೀರು, ಊಟ, ನಿದ್ದೆ, ನೋವು, ಬೇಕು, ಬೇಡ ಈ ಏಳು ಕಲೀರಿ. ದಿನಾ ಬಿಡದೆ ಮಾಡಿ, ಆ ಸೆರಗು ಎಳೆಯೋ ಕೈ ತಾನಾಗೇ "ನೀರು" ಅನ್ನುತ್ತೆ.

ಮುಂದೆ ಇವನ ಗತಿ ಏನು ಅಂತ ಕೊನೆಯಲ್ಲಿ ಬರೆದಿದ್ರಿ. ಬೆಂಗಳೂರಿನ ಸಾರಾ ಸನ್ನಿ ಕಿವಿ ಕೇಳದ ವಕೀಲೆ, 2023ರ ಸೆಪ್ಟೆಂಬರಲ್ಲಿ ಸನ್ನೆ ಭಾಷೆಯ ದುಭಾಷಿ ಜೊತೆ ಸುಪ್ರೀಂ ಕೋರ್ಟಿಗೆ ಹಾಜರಾದ್ರು, 2024ರಲ್ಲಿ ಕರ್ನಾಟಕ ಹೈಕೋರ್ಟಲ್ಲೂ ಹಾಗೇ ವಾದ ಮಾಡಿದ್ರು. ಅವರ ವಿಡಿಯೋ ಸೊಸೆಗೆ ತೋರಿಸಿ.

ಪ್ರಶ್ನೆ: ನಾನು ಆರನೇ ಕ್ಲಾಸ್. ನಮ್ಮ ಬಿಲ್ಡಿಂಗಿಗೆ ಹೊಸದಾಗಿ ಬಂದ ಹುಡುಗಿಗೆ ಕಿವಿ ಕೇಳಲ್ಲ, ಮಾತೂ ಬರಲ್ಲ. ಹುಡುಗರು ಮೂಗಿ ಅಂತಾರೆ. ನಂಗೆ ಅವಳ ಫ್ರೆಂಡ್ ಆಗ್ಬೇಕು. ಹಿಂದಿನಿಂದ ಹೇಗೆ ಕರೀಲಿ? (ವಾಸ್ಕೋ, ಗೋವಾ)

ಪುಟ್ಟಾ, ಮೂಗಿ ಅನ್ಬೇಡಿ ಅಂತ ಆ ಹುಡುಗರಿಗೆ ನೀನೇ ಹೇಳು, ಅವಳಿಗೆ ಒಂದು ಹೆಸರಿದೆ. ಹಿಂದಿನಿಂದ ಕರೆಯೋಕೆ ಹೆಗಲ ಮೇಲೆ ಮೆತ್ತಗೆ ಎರಡು ಸಲ ತಟ್ಟು, ಕಲ್ಲು ಗಿಲ್ಲು ಎಸೀಬೇಡ. ಕೋಣೆಯಲ್ಲಿದ್ರೆ ಲೈಟ್ ಒಂದ್ಸಲ ಆನ್ ಆಫ್ ಮಾಡು. ಸನ್ನೆ ಭಾಷೆಯಲ್ಲಿ ಪ್ರಶ್ನೆ ಕೇಳೋ ಪದ ಕೊನೆಗೆ ಬರುತ್ತೆ, ನಾವು ಕನ್ನಡದಲ್ಲಿ "ನಿನ್ನ ಹೆಸರು ಏನು" ಅನ್ನೋ ಹಾಗೇ, ಅದಕ್ಕೇ ನಿಂಗೆ ಬೇಗ ಬರುತ್ತೆ. ಹುಡುಗಿ ಅನ್ನೋಕೆ ಮೂಗುತಿ ಜಾಗಕ್ಕೆ ಬೆರಳು, ಹುಡುಗ ಅನ್ನೋಕೆ ಮೀಸೆ. ಹುಬ್ಬು, ಕಣ್ಣು, ಮುಖ ಎಲ್ಲ ಸೇರಿಸಿ ಮಾತಾಡ್ಬೇಕು, ಮುಖ ಸುಮ್ನಿದ್ರೆ ಅವರಿಗೆ ನೀನು ಅರ್ಧ ಮಾತಾಡಿದ ಹಾಗೆ. ಉಳಿದದ್ದು ಅವಳೇ ಕಲಿಸ್ತಾಳೆ. ಗೆಳೆತನ ಆದ ಮೇಲೆ ಅವರು ನಮಗೊಂದು ಸನ್ನೆ ಹೆಸರು ಇಡ್ತಾರೆ, ಕೆನ್ನೆ ಗುಳಿಯೋ, ಜಡೆಯೋ, ಕನ್ನಡಕವೋ ನೋಡ್ಕೊಂಡು. ನಿಂಗೇನು ಹೆಸರಿಟ್ಲು ಅಂತ ನಂಗೆ ಬರೆದು ತಿಳಿಸು.