ಬಾಳೆಕಾಯಿ ಹಿಟ್ಟಿನ ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲವೇ?

ಅಪ್ಪನಿಗೆ ಅಕ್ಕಿ ರೊಟ್ಟಿ ಬಿಡಿಸಿ ಬಾಳೆಕಾಯಿ ಹಿಟ್ಟಿನ ರೊಟ್ಟಿ ಕೊಡಬೇಕು, ಯಾವ ಹಿಟ್ಟು ಒಳ್ಳೆಯದು ಎಂದು ಕೇಳಿದ್ದೀರಿ. ಹಿಟ್ಟು ಹುಡುಕುವುದನ್ನು ಮೊದಲು ನಿಲ್ಲಿಸಿ.

ನಮ್ಮದು ತೀರ್ಥಹಳ್ಳಿ ಕಡೆ ತೋಟ. 2021ರಲ್ಲಿ ‘ಬಾಕಾಹು’ ಅಂತ ಬಾಳೆಕಾಯಿ ಒಣಗಿಸಿ ಹುಡಿ ಮಾಡುವ ಭರಾಟೆ ಎದ್ದಿತ್ತಲ್ಲ, ಆಗ ನಾನೂ ಮಾಡಿದೆ. ಬೆಲೆ ಸಿಗದ ಗೊನೆಗೂ ದಾರಿ, ನನ್ನ ಶುಗರ್‌ಗೂ ದಾರಿ ಅಂದುಕೊಂಡೆ. ಹಸಿ ಬಾಳೆಕಾಯಿಯ ಪಿಷ್ಟ ಸಣ್ಣ ಕರುಳಿನಲ್ಲಿ ಹೆಚ್ಚಾಗಿ ಕರಗುವುದಿಲ್ಲ, ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ ಎಂದು ಓದಿದ್ದೆ. ಓದಿದ್ದು ಸರಿಯೇ. ‘ಹಸಿ’, ಅಂದರೆ ಬೇಯಿಸದ್ದು, ಅನ್ನುವುದನ್ನು ಮಾತ್ರ ಹಾರಿಸಿದ್ದೆ.

ನೀರು ಕುದಿಸಿದೆ, ಹಿಟ್ಟು ಉಕ್ಕರಿಸಿದೆ, ನಾದಿ ಲಟ್ಟಿಸಿ ಕಾವಲಿಗೆ ಹಾಕಿದೆ, ಬಿಸಿಬಿಸಿ ತಿಂದೆ. ಹಸಿ ಪಿಷ್ಟದ ಕಣ ಒತ್ತಾಗಿ ಹೆಣೆದ ಚಾಪೆ ಇದ್ದ ಹಾಗೆ, ಜೀರ್ಣರಸ ನುಗ್ಗಲು ಸಂದಿ ಸಿಗುವುದಿಲ್ಲ. ನೀರಿನ ಜೊತೆ 70–80 ಡಿಗ್ರಿ ಬಿಸಿ ತಾಗಿತೋ, ಕಣ ನೀರು ಕುಡಿದು ಉಬ್ಬುತ್ತದೆ, ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಅಂದರೆ ಉಕ್ಕರಿಸುವಾಗಲೇ ಕೆಲಸ ಕೆಟ್ಟಿತ್ತು, ಕಾವಲಿಯ ತನಕ ಹೋಗಬೇಕಾಗಿಯೇ ಇರಲಿಲ್ಲ. ಇದು ಗೊತ್ತಿಲ್ಲದೆ, ಬಾಕಾಹು ತಾನೇ ಅಂತ ಜಾಸ್ತಿ ರೊಟ್ಟಿ ತಿಂದೆ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಮಾತ್ರ ನೋಡುತ್ತಿದ್ದೆ, ಅದು ತೀರಾ ಏರಿರಲಿಲ್ಲ. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಸುಳ್ಳು ಹೇಳಲಿಲ್ಲ, ಅದು ಏರಿತ್ತು. ಮಾತ್ರೆ ಜಾಸ್ತಿಯಾಯಿತು.

ಹಾಗಾದರೆ ತಂಗಳನ್ನ? ಬೆಂದ ಪಿಷ್ಟ ತಣ್ಣಗಾದಾಗ ಒಂದಿಷ್ಟು ಮತ್ತೆ ಗಟ್ಟಿಯಾಗಿ ಜೀರ್ಣಕ್ಕೆ ಜಗ್ಗದಂತಾಗುತ್ತದೆ, ನಿಜ. ಆದರೆ 2015ರ ಇಂಡೋನೇಷ್ಯಾದ ಒಂದು ಅಧ್ಯಯನ ನೋಡಿ: 100 ಗ್ರಾಂ ಬಿಸಿ ಅನ್ನದಲ್ಲಿ ಅಂಥ ಪಿಷ್ಟ 0.64 ಗ್ರಾಂ. 24 ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದರೆ 1.65 ಗ್ರಾಂ. ಉಳಿದದ್ದೆಲ್ಲ ಮಾಮೂಲಿ ಪಿಷ್ಟವೇ ಅಲ್ವಾ? ಶುಗರ್ ಏರುವುದು ಸ್ವಲ್ಪ ತಗ್ಗಬಹುದು, ಇನ್ನೊಂದು ಸೌಟು ಬಡಿಸಿಕೊಳ್ಳಲು ಅದು ಪರವಾನಗಿ ಅಲ್ಲ.

ಅಪ್ಪನಿಗೆ ಅಕ್ಕಿ ರೊಟ್ಟಿಯನ್ನೇ ಕೊಡಿ, ಕಡಿಮೆ ಕೊಡಿ, ಹೆಸರುಕಾಳು ಪಲ್ಯ ಜಾಸ್ತಿ ಹಾಕಿ. ಊಟವಾಗಿ ಎರಡು ಗಂಟೆಗೆ ಶುಗರ್ ನೋಡಿ. ಡಾಕ್ಟರನ್ನು ಕೇಳದೆ ಮಾತ್ರೆ ಮುಟ್ಟಬೇಡಿ. ಬಾಕಾಹು ಬೇಕೇ ಬೇಕು ಅಂದರೆ, ಹೋಳು ಬೇಯಿಸದೆ ಒಣಗಿಸಿದ ಹುಡಿಯನ್ನು ತಣ್ಣನೆ ಮಜ್ಜಿಗೆಗೆ ಕದಡಿ ಕೊಡಿ. ಒಂದು ಚಮಚದಿಂದ ಶುರು ಮಾಡಿ. ಮೊದಲ ದಿನವೇ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬರಿಸಿ ಅಪ್ಪ ನಿಮ್ಮನ್ನೇ ಬೈಯುತ್ತಾರೆ.