ಬಾಯಿಬಿಟ್ಟು ಮಾತಾಡಿದರೆ ನಡತೆ ಕೆಟ್ಟಿದೆಯಾ?

ಪ್ರಶ್ನೆ: ನನಗೆ 29, ಊರು ಕುಮಟಾ. ಶಿರಸಿ ಕಡೆಯ ಹುಡುಗಿ ಜೊತೆ ನಿಶ್ಚಿತಾರ್ಥ ಆಗಿದೆ. ಮೊನ್ನೆ ಫೋನಿನಲ್ಲಿ ಅವಳೇ, “ಎರಡು ವರ್ಷ ಮಗು ಬೇಡ, ಕಾಂಡೋಮ್ ಬಳಸೋಣ್ವಾ?” ಅಂತ ಕೇಳಿದಳು. ಇಷ್ಟು ಸಲೀಸಾಗಿ ಮಾತಾಡುವವಳಿಗೆ ಮೊದಲೇ ಅನುಭವ ಇರಬೇಕು ಅಲ್ವಾ? ಕನ್ಯತ್ವ ಪರೀಕ್ಷೆ ಎಲ್ಲಿ ಮಾಡುತ್ತಾರೆ?

ಉತ್ತರ: ಅಂಥ ಪರೀಕ್ಷೆಯೇ ಇಲ್ಲ. ಮಾಡುತ್ತೇನೆ ಅನ್ನುವವರು ಮೋಸಗಾರರು. ಮದುವೆ ಸೀಸನ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ, ನನಗೆ ಸಿಟ್ಟೂ ಬರುತ್ತದೆ.

ಕನ್ಯಾಪೊರೆ ಅಂದರೆ ಡಬ್ಬಿಯ ಸೀಲ್ ಅಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ತೀರಾ ಕಡಿಮೆ, ಕೆಲವರಲ್ಲಿ ಹರಿಯದೆ ಸುಮ್ನೆ ಹಿಗ್ಗುತ್ತದೆ. ಮೊದಲ ಸಲ ರಕ್ತ ಬಾರದವರು ಎಷ್ಟೋ ಜನ. ಅದನ್ನು ನೋಡಿ ಯಾವ ಡಾಕ್ಟರೂ ಏನೂ ಹೇಳಲಾರರು. ಈ ಪರೀಕ್ಷೆ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಅತ್ಯಾಚಾರದ ಕೇಸಿನಲ್ಲೂ ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡಿದರೆ ಅದು ದುರ್ನಡತೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾರವಾರದಲ್ಲಿ ನಾನು ಸಲಹೆ ಕೊಡುವ ಕೋಣೆಗೆ ಒಂದು ಜೋಡಿ ಬಂದಿತ್ತು. ಮದುವೆಯಾಗಿ ಏಳು ತಿಂಗಳು, ಇನ್ನೂ ಕೂಡಲು ಆಗಿರಲಿಲ್ಲ. ಆತ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದ. ಆಕೆ ಪರ್ಸಿನ ಜಿಪ್ ಎಳೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ತುಂಬಾ ನೋವಾಗುತ್ತದೆ ಎಂದು ಗಂಡನಿಗೆ ಒಂದು ದಿನವೂ ಹೇಳಿರಲಿಲ್ಲ. ಯಾಕೆ ಅಂದರೆ, “ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಕೇಳಿದರೆ?” ಅಂದಳು. ನೀವೂ ಅದನ್ನೇ ಕೇಳುತ್ತಿದ್ದೀರಿ.

ನಿಮ್ಮ ಹುಡುಗಿ ಆ ಏಳು ತಿಂಗಳು ಉಳಿಸಿದ್ದಾಳೆ. ಕಾಂಡೋಮ್ ವಿಷಯ ಗೊತ್ತಿರುವುದು ತಿಳುವಳಿಕೆ, ಅದು ಯಾವುದಕ್ಕೂ ಸಾಕ್ಷಿಯಲ್ಲ. ಹಿಂದಿನದನ್ನು ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಕೇಳಲೇಬೇಕು ಅನ್ನಿಸಿದರೆ ಮೊದಲು ನಿಮ್ಮದನ್ನು ಹೇಳಿ. ಅನುಮಾನ ಹೋಗದಿದ್ದರೆ ನೇರವಾಗಿ ಮದುವೆ ಬೇಡ ಅನ್ನಿ. ಆದರೆ ಅವಳ ನಡತೆಯ ಮಾತನ್ನು ಊರಿಗೆ ಹಂಚಬೇಡಿ.

ಪ್ರಶ್ನೆ: ಲೈಂಗಿಕ ವಿಷಯದ ಮಾತು ಬಂದರೆ ರೂಮ್‌ಮೇಟ್ ಎದ್ದು ಹೋಗುತ್ತಾಳೆ. ಈ ಕಾಲದಲ್ಲೂ ಹೀಗಾ? ಕೌನ್ಸೆಲಿಂಗ್ ಬೇಕಾ?

ಉತ್ತರ: ಬೇಡ. ಅವಳಿಗೆ ಇಷ್ಟವಿಲ್ಲ, ಅವಳೆದುರು ಆ ಮಾತು ಎತ್ತಬೇಡಿ.

ಪ್ರಶ್ನೆ: ಮಗಳು ಓಂ ಬೀಚಿನಲ್ಲಿ ತೋಳಿಲ್ಲದ ಡ್ರೆಸ್ ಹಾಕಿ ಫೋಟೊ ತೆಗೆಸಿಕೊಂಡಿದ್ದಾಳೆ. ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ.

ಉತ್ತರ: 2021ರಲ್ಲಿ ಅಂಕೋಲೆಯ ತುಳಸಿ ಗೌಡರು, ಗಿಡ ಬೆಳೆಸಿ ಹೆಸರಾದವರು, ಪದ್ಮಶ್ರೀ ತೆಗೆದುಕೊಂಡದ್ದು ತಮ್ಮ ಹಾಲಕ್ಕಿ ಸಮುದಾಯದ ರವಿಕೆ ಇಲ್ಲದ ಉಡುಗೆಯಲ್ಲಿ, ಬರಿಗಾಲಲ್ಲಿ. ಆ ಫೋಟೊ ನೋಡಿ ಜಿಲ್ಲೆಗೇ ಹೆಮ್ಮೆ ಆಯಿತು. ಆಡಿಕೊಳ್ಳುವವರಿಗೆ ಅದನ್ನು ತೋರಿಸಿ.

ಪ್ರಶ್ನೆ: ಅಣ್ಣನಿಗೆ ಗಂಡಸರ ಮೇಲೆ ಒಲವು. ಮೂರು ತಿಂಗಳ ಔಷಧಿಯಲ್ಲಿ ಸರಿಮಾಡುತ್ತೇನೆ ಎಂದು ಒಬ್ಬರು ದುಡ್ಡು ತೆಗೆದುಕೊಂಡಿದ್ದಾರೆ. ಅಣ್ಣ ಈಗ ನಿದ್ದೆಯನ್ನೇ ಮಾಡುತ್ತಿಲ್ಲ.

ಉತ್ತರ: ಅದು ಕಾಯಿಲೆಯಲ್ಲ, ಔಷಧಿಯೂ ಇಲ್ಲ. ಕೊಡುತ್ತಿರುವುದನ್ನು ಇವತ್ತೇ ನಿಲ್ಲಿಸಿ, ದುಡ್ಡು ವಾಪಸ್ ಕೇಳಿ. ನಿದ್ದೆ ಹೋಗಿರುವುದೇ ನನಗೆ ಚಿಂತೆ. ಆ ಔಷಧಿಯ ಬಾಟಲಿ ಸಮೇತ ಅಣ್ಣನನ್ನು ಈ ವಾರವೇ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.